ಕಾವುಪೆಟ್ಟಿಗೆಯಲ್ಲಿ ಮೊದಲ ಬಾರಿ ಮರಿ ಮಾಡಿಸುವವರಿಗೆ



ಕೆಲವು ತಿಂಗಳುಗಳಿಂದ ಆದಿತ್ಯವಾರದ ಪೂಜೆಯ ನಂತರ ಇಗರ್ಜಿಯ ಅಂಗಳದಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಫಾದರ್, ಕೋಳಿಮರಿ ಮಾಡಿಸುವ ಪೆಟ್ಟಿಗೆ ತೆಗೆದುಕೊಳ್ಳಬಹುದೇ?" ಕೇಳುವವರಲ್ಲಿ ಹೆಚ್ಚಿನವರು ತಾಯಂದಿರು. ನಮ್ಮ ಒಂದು ವಾಳೆಯ ಐದು ಮಂದಿ ಒಟ್ಟು ಸೇರಿ ಸಂಘದಿಂದ ಸಾಲ ಪಡೆದು ದೊಡ್ಡ ಯಂತ್ರವನ್ನೇ ಖರೀದಿಸುವ ಯೋಚನೆಯಲ್ಲಿದ್ದಾರೆ. ಸಾಲದ ಮಾತು ಬಂದುದರಿಂದ ಬಾಯಿಮಾತಿನಲ್ಲಿ "ತೆಗೆದುಕೊಳ್ಳಿ" ಎಂದಾಗಲಿ "ಬೇಡ" ಎಂದಾಗಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ನಾನೇ ಒಮ್ಮೆ ಸೋತು, ಇನ್ನೊಮ್ಮೆ ಗೆದ್ದು ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದಿ, ಮನೆಯಲ್ಲಿ ಚರ್ಚಿಸಿ, ಆಮೇಲೆ ನಿರ್ಧರಿಸಿ.

ನನ್ನ ಮೊದಲ ಸೋಲು

ಕಳೆದ ವರ್ಷ ಡಿಸೆಂಬರಿನಲ್ಲಿ 50 ಮೊಟ್ಟೆ ಹಿಡಿಸುವ, ಒಳಗೆ ಫ್ಯಾನ್ ಇರುವ ಒಂದು ಥರ್ಮೋಕೋಲ್ ಪೆಟ್ಟಿಗೆಯನ್ನು ತರಿಸಿದೆ. ಅಲ್ಲಿ ಇಲ್ಲಿ ಕೇಳಿ 40 ಮೊಟ್ಟೆ ಒಟ್ಟು ಮಾಡಿದೆ. ಅವುಗಳಲ್ಲಿ 12 ಮೊಟ್ಟೆಗಳನ್ನು ಕೊಟ್ಟವರು ನಮ್ಮ ಒಬ್ಬ ವಿಧವೆ ತಾಯಿ. ಅವರ ಹಟ್ಟಿಯಲ್ಲಿ ಕಪ್ಪು ಮೈಯ, ಬಿಸಿಲಿಗೆ ನೀಲಿ ಹೊಳೆಯುವ ತಲಶ್ಶೇರಿ ಜಾತಿಯ ಕೋಳಿಗಳಿವೆ. ಅವರಿಗೆ ಮೊಟ್ಟೆ ಮಾರಿಯೇ ವಾರದ ಸಾಮಾನು ಬರಬೇಕು. ಆದರೂ ಮರಿಗಳ ಆಸೆಯಿಂದ ಒಂದು ವಾರದ ಮೊಟ್ಟೆಗಳನ್ನು ಮಾರದೆ ನನಗೆ ಕೊಟ್ಟರು.

21ನೆಯ ದಿನ ಏನೂ ಆಗಲಿಲ್ಲ. 22ನೆಯ ದಿನ ಒಂದೊಂದೇ ಮರಿ ಹೊರಬಂದು ಕೊನೆಗೆ 9 ಮರಿಗಳು ಸಿಕ್ಕಿದವು. ಆ ತಾಯಿಯ ಹನ್ನೆರಡರಲ್ಲಿ ಬರೇ 2. ಅವರು ಕೋಪಿಸಿಕೊಳ್ಳಲಿಲ್ಲ. "ಇರಲಿ ಫಾದರ್, ನನ್ನ ಹೇಂಟೆಯಾದರೆ ಹನ್ನೆರಡರಲ್ಲಿ ಹತ್ತು ಮಾಡುತ್ತಿತ್ತು" ಎಂದಷ್ಟೇ ಹೇಳಿದರು. ಆ ಮಾತು ನನಗೆ ನಾಟಿತು.

ಉಳಿದ 31 ಮೊಟ್ಟೆಗಳನ್ನು ಗುಂಡಿಗೆ ಹಾಕುವ ಮೊದಲು ಒಂದೊಂದನ್ನೇ ಒಡೆದು ನೋಡಿದೆ. ವಾಸನೆಯ ಕೆಲಸವೇ ಸರಿ, ಆದರೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಕಲಿಸಿದ್ದು ಅದೇ. 8 ಮೊಟ್ಟೆಗಳಲ್ಲಿ ಮರಿಯ ಸುಳಿವೇ ಇರಲಿಲ್ಲ. 6ರಲ್ಲಿ ಒಂದು ರಕ್ತದ ಉಂಗುರ ಮಾತ್ರ ಇತ್ತು, ಅಂದರೆ ಮೊದಲ ವಾರದಲ್ಲೇ ಸತ್ತಿದ್ದವು. 4 ನಡುವಿನ ದಿನಗಳಲ್ಲಿ ಸತ್ತಿದ್ದವು. 13ರಲ್ಲಿ ಗರಿ, ಉಗುರು, ಕೊಕ್ಕು ಎಲ್ಲ ಮೂಡಿದ ಪೂರ್ಣ ಮರಿ ಚಿಪ್ಪಿನೊಳಗೇ ಸತ್ತಿತ್ತು. ಈ ನಾಲ್ಕು ಗುಂಪುಗಳಿಗೂ ಬೇರೆ ಬೇರೆ ಕಾರಣಗಳಿವೆ. ಅವನ್ನು ಅರಿತುಕೊಂಡರೆ ಈ ವಿದ್ಯೆಯ ಮುಕ್ಕಾಲು ಪಾಲು ಕೈವಶವಾದಂತೆ.

ಹೇಂಟೆ ಮಾಡುವುದೇನು?

ಹೇಂಟೆ ಕಾವು ಕೂತಾಗ ಮೊಟ್ಟೆಗಳಿಗೆ ಬಿಸಿ ಕೊಡುತ್ತದೆ, ತನ್ನ ಮೈಯ ಕೆಳಗೆ ತೇವ ಕಾಯುತ್ತದೆ, ಕೊಕ್ಕಿನಿಂದ ಮೊಟ್ಟೆಗಳನ್ನು ಮಗುಚುತ್ತದೆ, ದಿನಕ್ಕೊಮ್ಮೆ ಎದ್ದು ಹೋಗಿ ಅವಕ್ಕೆ ಗಾಳಿ ತಾಗಿಸುತ್ತದೆ. ಬಿಸಿ, ತೇವ, ಮಗುಚುವಿಕೆ, ಗಾಳಿ ಈ ನಾಲ್ಕನ್ನು ನಾವು ಕೊಟ್ಟರೆ ಪೆಟ್ಟಿಗೆಯೂ ಮರಿ ಮಾಡುತ್ತದೆ. ಇದು ಹೊಸ ಸಂಗತಿಯಲ್ಲ. ಈಜಿಪ್ಟಿನ ಜನರು ಎರಡು ಸಾವಿರ ವರ್ಷಗಳಿಗೂ ಹಿಂದೆ ಹೇಂಟೆಯಿಲ್ಲದೆ ಮರಿ ಮಾಡಿಸುತ್ತಿದ್ದರು. ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡುಗಳಲ್ಲಿ ನಿಧಾನವಾದ ಬೆಂಕಿಯ ಶಾಖದಿಂದ ಸಾವಿರಾರು ಮೊಟ್ಟೆಗಳನ್ನು ಒಡೆಯಿಸುವ ವಿದ್ಯೆ ಅಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ.

ಹಾಗಾದರೆ ನಮಗೆ ಪೆಟ್ಟಿಗೆ ಏಕೆ ಬೇಕು? ನಾಟಿ ಹೇಂಟೆ ತನಗೆ ಮನಸ್ಸಾದಾಗ ಮಾತ್ರ ಕಾವು ಕೂರುತ್ತದೆ, ಹತ್ತು ಹನ್ನೆರಡು ಮೊಟ್ಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಕಾವು ಕೂತಷ್ಟು ದಿನ, ಮರಿ ಸಾಕುವಷ್ಟು ದಿನ ಮೊಟ್ಟೆ ಇಡುವುದೂ ಇಲ್ಲ. ಬಿಳಿ ಲೆಗ್‌ಹಾರ್ನ್‌ನಂಥ ಮೊಟ್ಟೆಕೋಳಿಗಳಂತೂ ಕಾವು ಕೂರುವ ಗುಣವನ್ನೇ ಬಹುಮಟ್ಟಿಗೆ ಕಳೆದುಕೊಂಡಿವೆ.

ಮೊಟ್ಟೆಯ ಆಯ್ಕೆ

ನನ್ನ 8 ಬರಿಯ ಮೊಟ್ಟೆಗಳ ಗುಟ್ಟು ಆಮೇಲೆ ತಿಳಿಯಿತು. ಒಂದು ಮನೆಯವರು ತಮ್ಮ ಹುಂಜವನ್ನು ವಾರ್ಷಿಕ ಹಬ್ಬಕ್ಕೆ ಸಾರು ಮಾಡಿ ತಿಂಗಳು ಕಳೆದಿತ್ತು! ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರಿಂದ ಮರಿಯಾಗದು. ಅಂಗಡಿಯ ಫಾರಂ ಮೊಟ್ಟೆಯೂ ಹಾಗೆಯೇ. ಎಂಟು ಹತ್ತು ಹೇಂಟೆಗಳಿಗೆ ಒಂದು ಗಟ್ಟಿಮುಟ್ಟಾದ ಹುಂಜ ಇರಬೇಕು. ಹುಂಜವನ್ನು ತೆಗೆದ ಮೇಲೆ ಸುಮಾರು ಹತ್ತು ದಿನಗಳವರೆಗೆ ಮಾತ್ರ ಮೊಟ್ಟೆಗಳನ್ನು ನಂಬಬಹುದು.

ಮೊಟ್ಟೆ ಇಟ್ಟು ಏಳು ದಿನಗಳೊಳಗೆ ಪೆಟ್ಟಿಗೆಗೆ ಹೋಗಬೇಕು. ನಾನು ಕೆಲವನ್ನು ಎರಡು ವಾರ ಅಡುಗೆಮನೆಯ ಮಾಡದಲ್ಲಿ ಒಲೆಯ ಹತ್ತಿರ ಇಟ್ಟಿದ್ದೆ. ರಕ್ತದ ಉಂಗುರಗಳು ಅದರ ಫಲ. ಮನೆಯ ತಂಪಾದ ಮೂಲೆಯಲ್ಲಿ, ಚೂಪು ತುದಿ ಕೆಳಗಾಗಿ ಇಡಿ. ಫ್ರಿಜ್ಜಿನ ಚಳಿ ಮೊಟ್ಟೆಗೆ ಹೆಚ್ಚಾಯಿತು, ಅದು ಬೇಡ. ತೀರ ಸಣ್ಣ, ತೀರ ದೊಡ್ಡ, ಓರೆಕೋರೆ, ಬಿರುಕು ಬಿಟ್ಟ ಮೊಟ್ಟೆಗಳನ್ನು ಅಡುಗೆಗೆ ಬಳಸಿ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತೊಳೆದು ಇಡುವುದಕ್ಕಿಂತ ಇಡದಿರುವುದೇ ಲೇಸು. ತಣ್ಣೀರಿನಲ್ಲಿ ತೊಳೆದರೆ ಕೊಳೆಯು ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಒಳಗೆ ಇಳಿಯುತ್ತದೆ. ಗೂಡಿಗೆ ಒಣಹುಲ್ಲು ಬದಲಾಯಿಸುತ್ತಿದ್ದರೆ ತೊಳೆಯುವ ಪ್ರಶ್ನೆಯೇ ಬರದು.

ಬಿಸಿ

ಪೆಟ್ಟಿಗೆಯನ್ನು ಬಿಸಿಲು ಬೀಳದ, ಗಾಳಿ ನೇರ ಬೀಸದ ಕೋಣೆಯಲ್ಲಿ ಇಡಿ. ಮೊಟ್ಟೆ ಇಡುವ ಮೊದಲು ಒಂದು ಹಗಲು ಒಂದು ರಾತ್ರಿ ಖಾಲಿ ಓಡಿಸಿ, ಬಿಸಿ ಸ್ಥಿರವಾಗಿದೆಯೇ ನೋಡಿ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ಇರಬೇಕು. ಫ್ಯಾನ್ ಇಲ್ಲದ, ಬರೇ ಬಲ್ಬಿನ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆಯೂ ತಂಪು ಕೆಳಗೂ ನಿಲ್ಲುವುದರಿಂದ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ 38.3ರಿಂದ 38.9 ಡಿಗ್ರಿ (101ರಿಂದ 102 ಫ್ಯಾರನ್‌ಹೀಟ್) ಇರಬೇಕು.

ಪೆಟ್ಟಿಗೆಯ ಜೊತೆ ಬಂದ ಮಾಪಕವನ್ನು ನಾನು ಕಣ್ಣು ಮುಚ್ಚಿ ನಂಬಿದೆ. ಅದು ಮುಕ್ಕಾಲು ಡಿಗ್ರಿ ಹೆಚ್ಚು ತೋರಿಸುತ್ತಿತ್ತು, ಅಂದರೆ ಒಳಗೆ ನಿಜವಾಗಿ ಅಷ್ಟು ಕಡಿಮೆ ಇತ್ತು. ಮರಿಗಳು ತಡವಾದದ್ದು ಇದರಿಂದ. ಪರೀಕ್ಷೆ ಸುಲಭ: ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರನ್ನೂ ಪೆಟ್ಟಿಗೆಯ ಮಾಪಕದ ತುದಿಯನ್ನೂ ಒಟ್ಟಿಗೆ ಹಿಡಿಯಿರಿ. ಎರಡರಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ನೀರು ಹೆಚ್ಚು ಬಿಸಿಯಾದರೆ ಜ್ವರದ ಥರ್ಮಾಮೀಟರ್ ಒಡೆದೀತು, ಜಾಗ್ರತೆ.

ಒಂದು ಮಾತು ನೆನಪಿರಲಿ. ಕೆಲವು ಗಂಟೆ ಸ್ವಲ್ಪ ತಂಪಾದರೆ ಮೊಟ್ಟೆ ಸಹಿಸೀತು, ಹೆಚ್ಚು ಬಿಸಿಯನ್ನು ಸಹಿಸದು. ಒಳಗಿನ ಬಿಸಿ 40–41 ಡಿಗ್ರಿಗೆ ಏರಿ ನಿಂತರೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಸಾಯಬಹುದು.

ತೇವ

ಮೊಟ್ಟೆಯೊಳಗಿನ ನೀರು ಚಿಪ್ಪಿನ ರಂಧ್ರಗಳಿಂದ ನಿಧಾನವಾಗಿ ಆರುತ್ತಾ ಹೋಗಿ, ಬೊಡ್ಡ ತುದಿಯ ಗಾಳಿಯ ಕೋಣೆ ದೊಡ್ಡದಾಗಬೇಕು. ಮರಿ ತನ್ನ ಮೊದಲ ಉಸಿರನ್ನು ಎಳೆಯುವುದು ಅಲ್ಲಿಂದಲೇ. ಮೊದಲ 18 ದಿನ ಶೇಕಡಾ 50ರಿಂದ 60ರಷ್ಟು, ಕೊನೆಯ ಮೂರು ದಿನ ಶೇಕಡಾ 65ರಿಂದ 75ರಷ್ಟು ತೇವ ಬೇಕು. ನೀರಿನ ತಟ್ಟೆಯ ಅಗಲ ಹೆಚ್ಚಿದಷ್ಟು ತೇವ ಹೆಚ್ಚುತ್ತದೆ.

ಇಲ್ಲಿ ನಮ್ಮ ಊರಿನ ಹವೆಯನ್ನು ಮರೆಯಬಾರದು. ಡಿಸೆಂಬರ್–ಜನವರಿಯ ಒಣಗಾಳಿಗೆ ತಟ್ಟೆ ಬೇಗ ಆರುತ್ತದೆ. ಆದರೆ ಜೂನ್–ಜುಲೈಯ ಮಳೆಯಲ್ಲಿ ಗಾಳಿಯೇ ನೀರಾಗಿರುತ್ತದೆ. ಆಗಲೂ ತಟ್ಟೆ ತುಂಬಿಸಿದರೆ ಮೊಟ್ಟೆಯ ನೀರು ಆರದೆ, ಗಾಳಿಯ ಕೋಣೆ ಸಣ್ಣದಾಗಿ, ಮರಿ ಒಳಗೇ ಮುಳುಗಿ ಸಾಯುತ್ತದೆ.

ತೇವಮಾಪಕ ಇಲ್ಲದವರು ತಕ್ಕಡಿಯಿಂದ ತಿಳಿಯಬಹುದು. 18 ದಿನಗಳಲ್ಲಿ ಮೊಟ್ಟೆಯ ತೂಕ ಸುಮಾರು ಶೇಕಡಾ 12ರಿಂದ 13ರಷ್ಟು ಇಳಿಯಬೇಕು. ಹತ್ತು ನಾಟಿ ಮೊಟ್ಟೆಗಳು ಮೊದಲ ದಿನ 400 ಗ್ರಾಂ ತೂಗಿದರೆ 18ನೆಯ ದಿನ ಸುಮಾರು 350 ಗ್ರಾಂ ತೂಗಬೇಕು. ತೂಕ ಇಳಿಯದಿದ್ದರೆ ನೀರು ಕಡಿಮೆ ಮಾಡಿ, ಬೇಗ ಇಳಿಯುತ್ತಿದ್ದರೆ ಹೆಚ್ಚಿಸಿ.

ಮಗುಚುವುದು

ಮಗುಚದೆ ಬಿಟ್ಟರೆ ಎಳೆಯ ಮರಿ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಿಂದ ಗುಣಿಸು ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ ಬರೆಯಿರಿ. ಪೆನ್ನಿನ ಶಾಯಿ ಬೇಡ. ದಿನಕ್ಕೆ ಕಡಿಮೆಯೆಂದರೆ ಮೂರು ಬಾರಿ, ಆದರೆ ಐದು ಬಾರಿ ಮಗುಚಿ. ಬೆಸ ಸಂಖ್ಯೆಯೇ ಇರಲಿ. ಆಗ ರಾತ್ರಿಯ ದೀರ್ಘ ಹೊತ್ತು ಒಂದೇ ಬದಿ ಮೇಲಾಗಿರದೆ ಒಂದು ರಾತ್ರಿ ಗುಣಿಸು, ಮರುರಾತ್ರಿ ಸೊನ್ನೆ ಮೇಲೆ ಬರುತ್ತದೆ. ಕೈ ತೊಳೆದು ಮುಟ್ಟಿ. ತೋಟದ ಕೆಲಸ, ಹಾಲು ಕರೆಯುವ ಕೆಲಸಗಳ ನಡುವೆ ಇದು ಯಾರ ಪಾಲಿನ ಕೆಲಸ ಎಂದು ಮನೆಯಲ್ಲಿ ಮೊದಲೇ ನಿಶ್ಚಯಿಸಿ. "ನೀನು ಮಗುಚಿದ್ದೀಯೆಂದು ನಾನೆಣಿಸಿದೆ" ಎಂಬ ಮಾತಿಗೆ ಬಲಿಯಾದ ಮೊಟ್ಟೆಗಳು ಪಾದ್ರಿಮನೆಯಲ್ಲೂ ಇದ್ದವು.

ಬೆಳಕಿನ ಪರೀಕ್ಷೆ

ಮೊದಲ ಸಲ ನಾನು ಇದನ್ನು ಮಾಡಲೇ ಇಲ್ಲ. 7ನೆಯ ದಿನ ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚಿನ ಬಾಯಿಗೆ ಸಣ್ಣ ತೂತಿನ ರಟ್ಟು ಇಟ್ಟು, ಮೊಟ್ಟೆಯ ಬೊಡ್ಡ ತುದಿಗೆ ಹಿಡಿದು ನೋಡಿ. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡದ ಕಾಲುಗಳಂತೆ ಹರಡಿದ ರಕ್ತನಾಳಗಳು ಕಂಡರೆ ಮರಿ ಜೀವಂತವಾಗಿದೆ. ಇಡೀ ಮೊಟ್ಟೆ ತಿಳಿಯಾಗಿ ಹೊಳೆದರೆ ಅದು ಬರಿದು. ಬರೇ ಕೆಂಪು ಉಂಗುರ ಕಂಡರೆ ಸತ್ತಿದೆ. ಬರಿದನ್ನೂ ಸತ್ತದ್ದನ್ನೂ ತೆಗೆದುಬಿಡಿ. ಕೊಳೆತ ಮೊಟ್ಟೆ ಒಳಗೆ ಒಡೆದರೆ ಉಳಿದವೂ ಕೆಡುತ್ತವೆ. ಸಂಶಯ ಬಂದದ್ದನ್ನು ಬಿಟ್ಟು 14ನೆಯ ದಿನ ಮತ್ತೆ ನೋಡಿ.

ಹೀಗೆ ತೆಗೆದ ಮೊಟ್ಟೆಗಳನ್ನು ತಿನ್ನಬಾರದು, ಮಾರಲೇಬಾರದು. ಒಂದು ವಾರ 37 ಡಿಗ್ರಿಯಲ್ಲಿದ್ದ ಮೊಟ್ಟೆ ರೋಗಾಣುಗಳಿಗೆ ತವರುಮನೆ. ಗುಂಡಿ ತೋಡಿ ಹೂಳಿ.

ಕೊನೆಯ ಮೂರು ದಿನ

18ನೆಯ ದಿನ ಮಗುಚುವುದನ್ನು ನಿಲ್ಲಿಸಿ. ತಟ್ಟೆಗೆ ಬೆಚ್ಚಗಿನ ನೀರು ತುಂಬಿ, ಮೊಟ್ಟೆಗಳ ಅಡಿಗೆ ಒರಟು ಬಟ್ಟೆ ಹಾಸಿ, ಮುಚ್ಚಳ ಮುಚ್ಚಿ, ಗಾಳಿಯ ತೂತುಗಳನ್ನು ತೆರೆದಿಡಿ. ಇನ್ನು ಮುಚ್ಚಳ ತೆರೆಯಬಾರದು.

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿಯೇ. ಮೊದಲ ಮೊಟ್ಟೆಗೆ ಬಿರುಕು ಬಿದ್ದ ಹೊತ್ತಿಗೆ ಕ್ರೈಸ್ತ ಶಿಕ್ಷಣ ತರಗತಿಯ ಮಕ್ಕಳು ಬಂದಿದ್ದರು. ಅವರು ನೋಡಲೆಂದು ಮೂರು ಸಲ ಮುಚ್ಚಳ ತೆಗೆದೆ. ತೆಗೆದಾಗಲೆಲ್ಲ ಒಳಗಿನ ತೇವ ಒಂದೇ ಕ್ಷಣದಲ್ಲಿ ಹೊರಗೆ ಹೋಗುತ್ತದೆ. ಒಳಪೊರೆ ಒಣಗಿ ಕಾಗದದಂತಾಗಿ ಮರಿಯ ಮೈಗೆ ಅಂಟುತ್ತದೆ. ಮರಿ ತಿರುಗಲಾರದೆ ಅಲ್ಲೇ ಸಾಯುತ್ತದೆ. ಮೊದಲೇ ಬಿಸಿ ಕಡಿಮೆಯಾಗಿ ಬಡವಾಗಿದ್ದ ಆ 13 ಮರಿಗಳು ಹೀಗೆ ಹೋದವು.

ಮರಿ ಮೊದಲು ಒಳಗಿನ ಗಾಳಿಯ ಕೋಣೆಗೆ ಕೊಕ್ಕು ಚುಚ್ಚುತ್ತದೆ. ಕಿವಿಗೊಟ್ಟರೆ ಚಿಂವ್ ಚಿಂವ್ ಕೇಳುತ್ತದೆ. ಆಮೇಲೆ ಚಿಪ್ಪಿಗೆ ಸಣ್ಣ ತೂತು ಮಾಡಿ, ಬಹಳ ಹೊತ್ತು ಸುಮ್ಮನಿರುತ್ತದೆ. ತೂತು ಕಂಡು ಹೊರಬರಲು 12ರಿಂದ 24 ಗಂಟೆ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಅದು ಶ್ವಾಸಕೋಶದಿಂದ ಉಸಿರಾಡಲು ಕಲಿಯುತ್ತದೆ, ಹಳದಿಯ ಉಳಿಕೆಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಕನಿಕರಪಟ್ಟು ನಾವು ಚಿಪ್ಪು ಸುಲಿದರೆ ರಕ್ತನಾಳ ಹರಿದು ಸಾಯುತ್ತದೆ. ಇಲ್ಲಿ ಕಾಯುವುದೇ ದಯೆ.

ಕರೆಂಟ್ ಹೋದರೆ

ನಮ್ಮಲ್ಲಿ ಇದು "ಹೋದರೆ" ಅಲ್ಲ, "ಹೋದಾಗ". ಮೊದಲ ಎರಡು ವಾರಗಳಲ್ಲಿ ಎರಡು ಮೂರು ಗಂಟೆ ಹೋದರೆ ಗಾಬರಿ ಬೇಡ. ಮುಚ್ಚಳ ತೆರೆಯದೆ ಪೆಟ್ಟಿಗೆಗೆ ಕಂಬಳಿ ಹೊದಿಸಿ. ಹೆಚ್ಚು ಹೊತ್ತಾದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆ ಸುತ್ತಿ ಮೊಟ್ಟೆಗೆ ತಾಗದಂತೆ ಒಳಗಿಡಿ. ಕೊನೆಯ ವಾರ ಮರಿಗಳೇ ಬಿಸಿ ಹೊರಸೂಸುತ್ತವೆ, ಅವಕ್ಕೆ ಉಸಿರಾಟದ ಗಾಳಿಯೂ ಬೇಕು. ಆದ್ದರಿಂದ ಗಾಳಿಯ ತೂತುಗಳು ಮುಚ್ಚದಂತೆ ಕಂಬಳಿ ಹೊದಿಸಿ. ಇನ್ವರ್ಟರ್ ಇರುವ ಮನೆಯಲ್ಲಿ ಸಣ್ಣ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸುವುದೇ ಒಳ್ಳೆಯದು.

ಮರಿ ಹೊರಬಂದ ಮೇಲೆ

ಗರಿ ಆರುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಹೊಟ್ಟೆಯೊಳಗಿನ ಹಳದಿಯ ಬಲದಿಂದ ಮರಿ ಒಂದೆರಡು ದಿನ ತಿನ್ನದೆಯೂ ಬದುಕುತ್ತದೆ, ಅವಸರವಿಲ್ಲ. ಆಮೇಲೆ ಒಂದು ಮೂಲೆಯನ್ನು ರಟ್ಟಿನಿಂದ ದುಂಡಗೆ ಅಡ್ಡ ಕಟ್ಟಿ, ಉಮಿ ಹಾಸಿ, ಮೇಲೆ ಗೋಣಿ ಹಾಕಿ ಬಲ್ಬ್ ತೂಗಿಸಿ. ಮರಿಗೆ 2 ವಾಟಿನಂತೆ ಲೆಕ್ಕ ಹಾಕಿ. ಬರಿಯ ಪೇಪರಿನ ಮೇಲೆ ಬಿಟ್ಟರೆ ಕಾಲು ಜಾರಿ ಅಗಲವಾಗಿ ಕುಂಟಾಗುತ್ತವೆ. ಮೊದಲ ವಾರ 35 ಡಿಗ್ರಿ, ಅನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಮರಿಗಳೇ ಮಾಪಕ: ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಂಪಾದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿದ್ದರೆ ಹಿತ.

ಮೊದಲು ಕುದಿಸಿ ಆರಿಸಿದ ನೀರು. ಒಂದೆರಡು ಮರಿಗಳ ಕೊಕ್ಕನ್ನು ನೀರಿಗೆ ಮುಟ್ಟಿಸಿದರೆ ಉಳಿದವು ಕಲಿಯುತ್ತವೆ. ಪಾತ್ರೆ ಆಳವಿಲ್ಲದಿರಲಿ. ಮೊದಲ ದಿನ ಪುಡಿ ಮಾಡಿದ ಜೋಳ ಅಥವಾ ನುಚ್ಚಕ್ಕಿ, ಮರುದಿನದಿಂದ ಮರಿಗಳ ಆಹಾರ. ಬರೇ ನುಚ್ಚಿನಲ್ಲೇ ಸಾಕಿದರೆ ಮರಿ ಬೆಳೆಯದು. ಕೊಕ್ಕರೆ ರೋಗ ಬಂದರೆ ಹಟ್ಟಿ ಒಂದೇ ವಾರದಲ್ಲಿ ಖಾಲಿಯಾಗುತ್ತದೆ. 5ರಿಂದ 7ನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸಿಕೆ ಬೇಕು. ಮೊಟ್ಟೆ ಇಡುವ ದಿನವೇ ಮೃಗಾಸ್ಪತ್ರೆಗೆ ಹೋಗಿ ಲಸಿಕೆಯ ದಿನಗಳನ್ನು ಕೇಳಿಕೊಂಡು ಬನ್ನಿ.

ಮನೆಯವರ ಆರೋಗ್ಯ

ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಭೇದಿ ಜ್ವರ ತರುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳು ಮರಿಗಳನ್ನು ಕೆನ್ನೆಗೆ ಒತ್ತಿ ಮುದ್ದಿಸದಂತೆ ನೋಡಿಕೊಳ್ಳಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲು ಕಲಿಸಿ. ಪೆಟ್ಟಿಗೆಯನ್ನು ಅಡುಗೆಮನೆಯಲ್ಲಿ ಇಡಬೇಡಿ, ಪ್ರತಿ ಸರದಿಯ ನಂತರ ತೊಳೆದು ಬಿಸಿಲಿಗೆ ಒಣಗಿಸಿ.

ನಮ್ಮ ರಾಜ್ಯದಲ್ಲಿ 2014ರಲ್ಲಿ ಆಲಪ್ಪುಳ, ಕೋಟ್ಟಯಂ ಕಡೆಗೂ 2020ರಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಕಡೆಗೂ ಹಕ್ಕಿಜ್ವರ ಬಂದಿದ್ದನ್ನು ಮರೆಯಬೇಡಿ. ಕೋಳಿಗಳು ಇದ್ದಕ್ಕಿದ್ದಂತೆ ಸಾಲಾಗಿ ಸತ್ತರೆ ಮುಟ್ಟದೆ, ಕೊಯ್ಯದೆ, ಮಾರದೆ ಮೃಗಾಸ್ಪತ್ರೆಗೆ ತಿಳಿಸಿ.

ಎರಡನೆಯ ಸರದಿ ಮತ್ತು ಸಾಲದ ಮಾತು

ಫೆಬ್ರವರಿಯಲ್ಲಿ ಮತ್ತೆ 40 ಮೊಟ್ಟೆ ಇಟ್ಟೆ. ಆ ತಾಯಿ ಮತ್ತೆ 12 ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಬೆಳಕಿನ ಪರೀಕ್ಷೆಯಲ್ಲಿ 4 ಬರಿದು, 2 ಸತ್ತದ್ದು ಹೊರಗೆ ಹೋಗಿ 34 ಉಳಿದವು. 21ನೆಯ ದಿನ ಸಂಜೆಯೊಳಗೆ 29 ಮರಿಗಳು. ಅವರ ಹನ್ನೆರಡರಲ್ಲಿ 10. ಹೇಂಟೆಯ ಲೆಕ್ಕಕ್ಕೆ ಸರಿಯಾಯಿತು.

ಆದರೆ ಎಂಟು ವಾರ ಕಳೆದಾಗ 29ರಲ್ಲಿ ಉಳಿದದ್ದು 24. ಉಳಿದವು ಚಳಿಗೆ, ಕೀರನಿಗೆ, ಗಿಡುಗನಿಗೆ ಹೋದವು. ಆ ಇಪ್ಪತ್ತನಾಲ್ಕರಲ್ಲಿ ಅರ್ಧದಷ್ಟು ಹುಂಜಗಳು. ಅಂದರೆ 40 ಮೊಟ್ಟೆಯಿಂದ ಕೊನೆಗೆ ಹನ್ನೆರಡು ಹೇಂಟೆ. ದೊಡ್ಡ ಯಂತ್ರದ ಮಾರಾಟಗಾರರು ಹೇಳುವ ಲೆಕ್ಕ ಮೊಟ್ಟೆಯಿಂದ ಶುರುವಾಗಿ ಮರಿಯಲ್ಲಿ ನಿಲ್ಲುತ್ತದೆ. ನಮ್ಮ ಲೆಕ್ಕ ಆಹಾರ, ಕರೆಂಟ್, ಲಸಿಕೆ, ನಷ್ಟ ಎಲ್ಲವನ್ನೂ ದಾಟಿ ಸಂತೆಯವರೆಗೆ ಹೋಗಬೇಕು.

ಆದ್ದರಿಂದ ಆ ಐವರು ಸಹೋದರಿಯರಿಗೆ ನನ್ನ ಸಲಹೆ ಇಷ್ಟು. ಈಗಲೇ ಸಾಲ ಮಾಡಬೇಡಿ. ಪಾದ್ರಿಮನೆಯ ಪೆಟ್ಟಿಗೆಯನ್ನು ಸರದಿಯಲ್ಲಿ ಒಯ್ಯಿರಿ. ಒಂದು ನೋಟ್ ಪುಸ್ತಕದಲ್ಲಿ ಎಷ್ಟು ಮೊಟ್ಟೆ ಇಟ್ಟಿರಿ, ಎಷ್ಟು ಬರಿದು, ಎಷ್ಟು ಮರಿ, ಎಂಟು ವಾರಕ್ಕೆ ಎಷ್ಟು ಉಳಿಯಿತು, ಎಷ್ಟು ಖರ್ಚಾಯಿತು ಎಂದು ಬರೆಯಿರಿ. ಮೂರು ಸರದಿಯ ಲೆಕ್ಕ ಲಾಭ ತೋರಿಸಿದರೆ ಆ ಪುಸ್ತಕವನ್ನೇ ಹಿಡಿದು ಸಂಘಕ್ಕೆ ಹೋಗೋಣ, ನಾನೂ ಬರುತ್ತೇನೆ.

ಇನ್ನೊಂದು ಉಪಾಯವನ್ನು ಕಲಿಸಿದವರು ಆ ತಾಯಿಯೇ. ಪೆಟ್ಟಿಗೆಯ ಮರಿಗಳು ಒಡೆಯುವ ಹೊತ್ತಿಗೆ ಮನೆಯಲ್ಲಿ ಕಾವು ಕೂತ ಹೇಂಟೆಯಿದ್ದರೆ, ರಾತ್ರಿ ಕತ್ತಲಲ್ಲಿ ಹತ್ತು ಹನ್ನೆರಡು ಮರಿಗಳನ್ನು ಮೆಲ್ಲನೆ ಅದರ ರೆಕ್ಕೆಯಡಿಗೆ ಸೇರಿಸಬೇಕು. ಬೆಳಗಾದಾಗ ಹೆಚ್ಚಿನ ಹೇಂಟೆಗಳು ಅವನ್ನು ತನ್ನವೆಂದೇ ಒಪ್ಪಿಕೊಂಡು ಮೇಯಿಸುತ್ತವೆ. ಬಲ್ಬಿನ ಖರ್ಚೂ ಇಲ್ಲ, ಗಿಡುಗನ ಕಾವಲೂ ಆಯಿತು. ತನ್ನ ಹತ್ತು ಮರಿಗಳನ್ನು ಅವರು ಹಾಗೆಯೇ ಸಾಕಿದರು, ಎಂಟು ವಾರಕ್ಕೆ ಹತ್ತೂ ಉಳಿದಿದ್ದವು. "ನಿಮ್ಮ ಪೆಟ್ಟಿಗೆ ಮರಿ ಮಾಡಲು ಕಲಿತಿತು ಫಾದರ್, ಸಾಕಲು ಇನ್ನೂ ನನ್ನ ಹೇಂಟೆಯೇ ಬೇಕು" ಎಂದರು. ನಾನು ಒಪ್ಪಿಕೊಂಡೆ.

ಪೆಟ್ಟಿಗೆ ಬೇಕಾದವರು ಬುಧವಾರ ಸಂಜೆ ಪಾದ್ರಿಮನೆಗೆ ಬಂದು ಹೆಸರು ಬರೆಸಿರಿ. ಬರುವಾಗ ಮನೆಯಲ್ಲಿ ಹುಂಜ ಇದೆಯೋ ಇಲ್ಲವೋ ಎಂದು ಮಾತ್ರ ಮರೆಯದೆ ನೋಡಿಕೊಂಡು ಬನ್ನಿ.